ಕಳೆದ ಸೂಟ್‌ಕೇಸಿಗೆ ಪರಿಹಾರ ಸಿಕ್ಕಿದ್ದು ಹೀಗೆ: ನನ್ನ ಅನುಭವ

ಮಸ್ಕತ್‌ನ ಅಕ್ಕನ ಮನೆಯಿಂದ ಬೆಂಗಳೂರಿಗೆ ಬಂದಿಳಿದಾಗ ಅಮ್ಮನ ನೀಲಿ ಸೂಟ್‌ಕೇಸ್ ಮಾತ್ರ ಬರಲಿಲ್ಲ. ಬೆಲ್ಟ್ ನಿಂತೇ ಹೋಯಿತು. "ಶಿವಮೊಗ್ಗದ ರೈಲಿಗೆ ಹೊತ್ತಾಯ್ತು, ನಡಿ" ಅಂದರು ಅಮ್ಮ. ನಾನು ಕದಲಲಿಲ್ಲ. ಕೌಂಟರಿನಲ್ಲಿ ಬ್ಯಾಗ್ ಬಂದಿಲ್ಲ ಎಂದು ದಾಖಲಿಸುವ ಪಿಐಆರ್ ಎಂಬ ವರದಿ ಬರೆಸಿಕೊಂಡೇ ಹೊರಬಂದೆ. ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿದ್ದ ಟ್ಯಾಗಿನ ಚೀಟಿಯನ್ನೂ ಜೋಪಾನ ಮಾಡಿದೆ.

ತೀರ್ಥಹಳ್ಳಿಗೆ ಬಂದ ಮೇಲೆ ವಿಮಾನ ಕಂಪನಿಗೆ ದಿನಾ ಫೋನು. "ಹುಡುಕ್ತಾ ಇದ್ದೀವಿ" ಅಷ್ಟೇ ಉತ್ತರ. ಸುಮ್ನೆ ಮಾತಾಡಿ ಪ್ರಯೋಜನವಿಲ್ಲ ಅನ್ನಿಸಿ ಎಲ್ಲವನ್ನೂ ಇಮೇಲ್‌ನಲ್ಲೇ ಬರೆಯತೊಡಗಿದೆ.

ವಿದೇಶ ಪ್ರಯಾಣಕ್ಕೆ ಮಾಂಟ್ರಿಯಲ್ ಒಪ್ಪಂದದ ನಿಯಮ ಇದೆ. 21 ದಿನವಾದರೂ ಬ್ಯಾಗ್ ಬರದಿದ್ದರೆ ಕಳೆದುಹೋಯಿತು ಎಂದೇ ಪರಿಹಾರ ಕೇಳಬಹುದು. ಒಬ್ಬರಿಗೆ ಗರಿಷ್ಠ ಮಿತಿ 1,519 ಎಸ್‌ಡಿಆರ್ (ಇದು ಐಎಂಎಫ್ ಎಂಬ ಅಂತರರಾಷ್ಟ್ರೀಯ ಹಣಕಾಸು ಸಂಸ್ಥೆಯ ಲೆಕ್ಕದ ಘಟಕ, ರೂಪಾಯಿಗೆ ಬದಲಿಸಿ ನೋಡಬೇಕು). ಅಷ್ಟೂ ತಾನಾಗಿ ಸಿಗುವುದಿಲ್ಲ, ಕಳೆದದ್ದರ ಬೆಲೆ ನಾವೇ ತೋರಿಸಬೇಕು. ದೇಶದೊಳಗಿನ ವಿಮಾನಕ್ಕೆ ಮಿತಿ 20,000 ರೂಪಾಯಿ.

ಆದರೆ ಹಳೇ ಸೀರೆಗೆ ಬಿಲ್ಲು ಎಲ್ಲಿಂದ ತರುವುದು? ಹೊರಡುವ ಹಿಂದಿನ ರಾತ್ರಿ ಅಕ್ಕ ತೆಗೆದ ಒಂದು ಫೋಟೋ ಕೈಹಿಡಿಯಿತು. ಮಂಚದ ಮೇಲೆ ತೆರೆದ ಸೂಟ್‌ಕೇಸ್, ಮೇಲೆ ಮಡಚಿಟ್ಟ ಹಸಿರು ರೇಷ್ಮೆ ಸೀರೆ, ಪಕ್ಕದಲ್ಲಿ ಎರಡು ಖರ್ಜೂರದ ಡಬ್ಬಿ. ಅದರ ಜೊತೆ ಒಂದೊಂದರ ಬೆಲೆ, ಕೊಂಡ ವರ್ಷ ಬರೆದು ಕಳಿಸಿದೆ.

ಮೊದಲು ಕಂಪನಿಯವರು ತೂಕದ ಲೆಕ್ಕ ಹಾಕಿ ಪುಡಿಗಾಸು ಕೊಡಲು ಬಂದರು. ಒಪ್ಪಲಿಲ್ಲ. ನಿಯಮದ ಹೆಸರು ಹಿಡಿದು ಮತ್ತೆ ಬರೆದೆ, ವಿಮಾನ ಪ್ರಯಾಣದ ದೂರುಗಳಿಗೆಂದೇ ಇರುವ ಸರ್ಕಾರದ ಏರ್‌ಸೇವಾ ಜಾಲತಾಣದಲ್ಲೂ ದೂರು ಹಾಕಿದೆ. ಕೊನೆಗೆ ಕೇಳಿದ್ದರಲ್ಲಿ ಮುಕ್ಕಾಲು ಪಾಲು ಅಮ್ಮನ ಖಾತೆಗೆ ಬಂತು.

ಆ ಹಸಿರು ಸೀರೆ ಅಪ್ಪ ಕೊಡಿಸಿದ್ದು. ಅದು ಮಾತ್ರ ಬರಲಿಲ್ಲ.