ಗ್ರಾಫ್ ಶೇ 40 ಅಂದರೂ ಲಿಂಕ್ ತುಂಬಿತ್ತು

ಬ್ರಾಂಚ್ ಆಫೀಸಿನ 20 ಎಂಬಿಪಿಎಸ್ ಲಿಂಕಿನಲ್ಲಿ ಬೆಳಗಿನ ಹೊತ್ತು ಕಾಲ್ ತುಂಡು ತುಂಡಾಗುತ್ತಿತ್ತು. ಲಿಂಕ್ ಎಷ್ಟು ತುಂಬಿದೆ ಎಂದು ತೋರಿಸುವ ಗ್ರಾಫ್ ಮಾತ್ರ ಶೇ 40 ದಾಟುತ್ತಿರಲಿಲ್ಲ. ರೂಟರ್ ರೀಬೂಟ್, ಹೊಸ ಕೇಬಲ್, ಲಿಂಕ್ ಕೊಟ್ಟವರಿಗೆ ದೂರು, ಯಾವುದೂ ಕೆಲಸ ಮಾಡಲಿಲ್ಲ.

ಗ್ರಾಫ್ ತೋರಿಸುವುದು 5 ನಿಮಿಷದ ಸರಾಸರಿ. ಒಂದು ನಿಮಿಷ ಲಿಂಕ್ ಪೂರ್ತಿ ತುಂಬಿ ಉಳಿದ ನಾಲ್ಕು ನಿಮಿಷ ಖಾಲಿಯಿದ್ದರೂ ಅದು ಶೇ 20 ಅಂತಲೇ ಹೇಳುತ್ತದೆ, ಯಾರಿಗೆ ಬೇಕು ಈ ಲೆಕ್ಕ? ಎಸ್‌ಎನ್‌ಎಂಪಿ ಪೋಲಿಂಗ್ ಅನ್ನು (ರೂಟರಿನ ಟ್ರಾಫಿಕ್ ಲೆಕ್ಕ ಓದುವ ಅಂತರವನ್ನು) 300 ಸೆಕೆಂಡಿನಿಂದ 30ಕ್ಕೆ ಇಳಿಸಿದೆ. ಎರಡು ರೀಡಿಂಗಿನ ಆಕ್ಟೆಟ್ (ಬೈಟ್) ವ್ಯತ್ಯಾಸವನ್ನು 8ರಿಂದ ಗುಣಿಸಿ, 30ರಿಂದ ಭಾಗಿಸಿ, ಬಂದದ್ದನ್ನು ದುಡ್ಡು ಕೊಟ್ಟು ಕೊಂಡ 20 ಎಂಬಿಪಿಎಸ್‌ಗೆ ಹೋಲಿಸಬೇಕು, ರೂಟರ್ ಪೋರ್ಟಿನ 100 ಎಂಬಿಪಿಎಸ್‌ಗಲ್ಲ. ಶೇ 100 ಮುಟ್ಟಿದ್ದು ಆಗ ಕಂಡಿತು.

ಕೂಡಲೇ ಲಿಂಕ್ ದೊಡ್ಡದು ಮಾಡಿಸಬೇಡಿ. ಮೊದಲು ಯಾವ ಟ್ರಾಫಿಕ್ ಎಷ್ಟು ಎಂದು ತೋರಿಸುವ ನೆಟ್‌ಫ್ಲೋ ನೋಡಿ. ಇಲ್ಲಿ ಲಿಂಕ್ ತುಂಬಿಸುತ್ತಿದ್ದ ಬ್ಯಾಕಪ್ ಸಿಕ್ಕಿತು, ಅದನ್ನು ರಾತ್ರಿ 11ಕ್ಕೆ ಹಾಕಿದೆ. ಆಮೇಲೆ ಕೆಲಸದ ಹೊತ್ತಿನ, ಅಂದರೆ 9ರಿಂದ 6ರವರೆಗಿನ 95ನೇ ಪರ್ಸೆಂಟೈಲ್ (ಅತಿ ಹೆಚ್ಚಿನ ಶೇ 5 ರೀಡಿಂಗ್ ಬಿಟ್ಟು ಉಳಿದವುಗಳ ಗರಿಷ್ಠ) ಮಾತ್ರ ತೆಗೆದೆ. ಆಗಲೂ ಶೇ 80 ದಾಟಿತ್ತು. 40 ಎಂಬಿಪಿಎಸ್ ಮಾಡಿಸಿದ ಮೇಲೆ ಕಾಲ್ ಸರಿಯಾಯಿತು.