ಹಿತ್ತಾಳೆ ರಾಶಿಯಲ್ಲಿ ಸಿಕ್ಕ ರೇಜರ್

ಬೀದರಿನ ಚೌಬಾರಾ ಹತ್ತಿರದ ಗಲ್ಲಿಯಲ್ಲಿ ಒಂದು ಭಂಗಾರ್ ಅಂಗಡಿ, ಅಂದರೆ ಗುಜರಿ ಅಂಗಡಿ, ಇದೆ. ಭಾನುವಾರ ಚಹಾ ಕುಡಿದು ಸುಮ್ನೆ ಅಲ್ಲಿ ಕೆದಕುತ್ತಾ ಕೂರುವುದು ನನ್ನ ಚಟ. ಹೋದ ತಿಂಗಳು ಹಿತ್ತಾಳೆ ರಾಶಿಯಲ್ಲಿ, ಮುರಿದ ನಲ್ಲಿಯ ಕೆಳಗೆ, ಒಂದು ಸೇಫ್ಟಿ ರೇಜರ್ ಕಂಡಿತು. ಹಿಡಿಯ ತುದಿಯ ತಿರುಪು ತಿರುಗಿಸಿದರೆ ಮೇಲಿನ ಎರಡು ರೆಕ್ಕೆ ತೆರೆಯುತ್ತವಲ್ಲ, ಆ ಥರದ್ದು. ಆದರೆ ತಿರುಪು ಮಿಸುಕಲೇ ಇಲ್ಲ. ಸಂದಿಯೆಲ್ಲ ಗಟ್ಟಿಯಾದ ಸೋಪಿನ ಗಸಿ.

ಆಸೆ ಆಯಿತು. ಜೊತೆಗೆ ಹೆದರಿಕೆಯೂ ಇತ್ತು, ಯಾಕಂದರೆ ಹೋದ ವರ್ಷ ಒಮ್ಮೆ ಕೈ ಸುಟ್ಟುಕೊಂಡಿದ್ದೆ. ಹೈದರಾಬಾದಿಗೆ ಹೋದಾಗ ಫಳಫಳ ಹೊಳೆಯುವ ಮೂರು ತುಂಡಿನ ರೇಜರ್ ಒಂದಕ್ಕೆ 800 ರೂಪಾಯಿ ಕೊಟ್ಟಿದ್ದೆ. ಅಯಸ್ಕಾಂತ ಹಿಡಿದು ನೋಡಿದೆ, ಅಂಟಲಿಲ್ಲ. ಹಿತ್ತಾಳೆಯೇ ಅಂದುಕೊಂಡೆ. ಮನೆಗೆ ತಂದು ರಾತ್ರಿಯಿಡೀ ವಿನೆಗರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ನೋಡಿದರೆ ಮೈತುಂಬ ಬೂದು ಬಣ್ಣದ ಗುಳಿ!

ನಮ್ಮ ಓಣಿಯಲ್ಲಿ ಬಿದ್ರಿ ಕೆಲಸ ಮಾಡುವ ಚಾಚಾಗೆ ತೋರಿಸಿದೆ. ಅಂಚಿಗೆ ಒಂದೇ ಸಲ ಅರ ಎಳೆದು ನಕ್ಕರು. "ಇದು ನಮ್ಮ ಜಸ್ತ ಅದರೀ ಸರ್. ಇದಕ್ಕೂ ಚುಂಬಕ ಹತ್ತಂಗಿಲ್ಲ." ಜಸ್ತ ಅಂದರೆ ಸತು. ಬಿದ್ರಿ ಸಾಮಾನು ಎರಕ ಹೊಯ್ಯುವುದೇ ಜಸ್ತಕ್ಕೆ ಸ್ವಲ್ಪ ತಾಮ್ರ ಬೆರೆಸಿ. ಅವರಿಗೆ ಗೊತ್ತಾಗದೆ ಇರುತ್ತಾ? ಹುಳಿ ತಾಗಿದರೆ ಜಸ್ತ ತಿಂದುಹೋಗುತ್ತದೆ ಅನ್ನುವುದೂ ಅವತ್ತೇ ತಿಳಿಯಿತು. ಅಯಸ್ಕಾಂತ ಹೇಳುವುದು ಕಬ್ಬಿಣ ಹೌದೋ ಅಲ್ಲವೋ ಅಂತ, ಅಷ್ಟೇ.

ಹಾಗಾಗಿ ಈ ಸಲ ಅಯಸ್ಕಾಂತ ತೆಗೆಯಲೇ ಇಲ್ಲ. ನಿಕಲ್ ಪಾಲಿಶ್ ಸವೆದ ಕಡೆ ಉಗುರಿನಿಂದ ಉಜ್ಜಿದೆ. ಒಳಗಿನಿಂದ ಹಳದಿ ಇಣುಕಿತು. ಜಸ್ತ ಆಗಿದ್ದರೆ ಬೂದು ಬಣ್ಣ ಕಾಣುತ್ತಿತ್ತು. ಹಿಡಿಯ ಉದ್ದಕ್ಕೂ ಕೂದಲೆಳೆಯಂಥ ಬಿರುಕು ಇದೆಯಾ ಅಂತ ಬಿಸಿಲಿಗೆ ಹಿಡಿದು ನೋಡಿದೆ. ಇರಲಿಲ್ಲ. ಅಂಗಡಿಯವರು ಅದನ್ನು ತಕ್ಕಡಿಗೆ ಹಾಕಿದರು. "ಹಿತ್ತಾಳಿ ರೇಟು ಹತ್ತತದ ನೋಡ್ರಿ." ಮೇಲೊಂದಿಷ್ಟು ಸೇರಿಸಿ 50 ರೂಪಾಯಿ ಆಯಿತು.

ಮನೆಗೆ ತಂದ ಮೇಲೆ ಈ ಸಲ ವಿನೆಗರ್ ಮುಟ್ಟಲಿಲ್ಲ, ಕುದಿಯುವ ನೀರೂ ಹಾಕಲಿಲ್ಲ. ಉಗುರು ಬೆಚ್ಚಗಿನ ಸೋಪಿನ ನೀರಿನಲ್ಲಿ ಒಂದು ತಾಸು ಇಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿದೆ. ತಿರುಪಿನ ಬುಡಕ್ಕೆ ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಬಿಟ್ಟೆ. ಕರ್ ಅಂತ ಒಮ್ಮೆ ಸದ್ದಾಗಿ ರೆಕ್ಕೆಗಳು ತೆರೆದವು. ಗಸಿ ಹೋದ ಮೇಲೆ ತಲೆಯ ಕೆಳಭಾಗದಲ್ಲಿ ಅಕ್ಷರ ಕಂಡವು: ಜಿಲೆಟ್, ಮೇಡ್ ಇನ್ ಯು.ಎಸ್.ಎ. ಒಂದು ಬದಿಗೆ ಎಫ್, ಇನ್ನೊಂದು ಬದಿಗೆ 3.

ಅಮೆರಿಕದಲ್ಲಿ ಮಾಡಿದ ಜಿಲೆಟ್‌ನಲ್ಲಿ ಅಕ್ಷರ ವರ್ಷದ್ದು, ಅಂಕಿ ಮೂರು ತಿಂಗಳ ಅವಧಿಯದ್ದು. ಎಫ್ ಅಂದರೆ 1960, 3 ಅಂದರೆ ಜುಲೈಯಿಂದ ಸೆಪ್ಟೆಂಬರ್. ಇದು ಸೂಪರ್ ಸ್ಪೀಡ್ ಮಾದರಿ. ಅದು ಶುರುವಾದದ್ದು 1947ರಲ್ಲಿ. ಹೀಗೆ ಬುಡದಲ್ಲಿ ಅಗಲವಾಗುವ ಹಿಡಿ ಬಂದದ್ದು 50ರ ದಶಕದ ನಡುವೆ. ಇಂಗ್ಲೆಂಡಿನಲ್ಲಿ ಮಾಡಿದ ಎಷ್ಟೋ ರೇಜರ್‌ಗಳ ಮೇಲೆ ಈ ಗುರುತೇ ಇರುವುದಿಲ್ಲ. ಗುರುತಿಲ್ಲ ಅಂದ ಮಾತ್ರಕ್ಕೆ ನಕಲಿ ಅನ್ನಬೇಡಿ.

ವಯಸ್ಸು ಗೊತ್ತಾದರೆ ಖುಷಿ, ನಿಜ. ಆದರೆ ಕೆಲಸಕ್ಕೆ ಬರುತ್ತಾ ಅನ್ನುವುದಕ್ಕೆ ಬ್ಲೇಡು ಹಾಕಿಯೇ ನೋಡಬೇಕು. ಕಿರಾಣಿ ಅಂಗಡಿಯ ಮಾಮೂಲಿ ಎರಡು ಅಂಚಿನ ಬ್ಲೇಡು ಸರಿಯಾಗಿ ಕೂತಿತು. ಮುಚ್ಚಿ ಎದುರಿಗೆ ಹಿಡಿದರೆ ಒಂದು ಬದಿಗೆ ಅಂಚು ಜಾಸ್ತಿ ಹೊರಗಿತ್ತು. ರೆಕ್ಕೆ ಸೊಟ್ಟಗಾಗಿದೆ, ಮುಗೀತು ಅಂದುಕೊಂಡೆ. ಇಕ್ಕಳ ಹಿಡಿದು ಬಗ್ಗಿಸುವ ಮುಂಚೆ ಯಾಕೋ ಬ್ಲೇಡು ತೆಗೆದು ಒಳಗೆ ಇಣುಕಿದೆ. ಬ್ಲೇಡು ಕೂರುವ ಪಟ್ಟಿಯ ಮೇಲೆ ಸೋಪಿನದೊಂದು ಹಕ್ಕಳೆ ಉಳಿದಿತ್ತು! ಹಲ್ಲುಕಡ್ಡಿಯಿಂದ ಕೆರೆದೆ. ಎರಡೂ ಬದಿ ಸಮ ಆಯಿತು. ಸ್ಪಿರಿಟ್‌ನಲ್ಲಿ ಒರೆಸಿ ಮಾರನೇ ದಿನ ದಾಡಿ ಮಾಡಿಕೊಂಡೆ. ಗದ್ದದ ಕೆಳಗೆ ಒಂದು ಗೀರು ಬಿತ್ತು. ಅದು ನನ್ನ ಕೈಯ ತಪ್ಪು.

ಈಗ ನಾನು ಹೋದರೆ ಸಾಕು, ಅಂಗಡಿಯವರು ದಾಡಿ ಸಾಮಾನು ಕಂಡದ್ದೆಲ್ಲ ಎತ್ತಿ ತೋರಿಸುತ್ತಾರೆ. "ಹಿತ್ತಾಳಿ ರಾಶಿಗೆ ಹಾಕಿದ್ದು ಇದ್ರ ಅಷ್ಟೇ ತೆಗೆದಿಡ್ರಿ" ಅಂತ ಹೇಳಿ ಬಂದಿದ್ದೇನೆ.