ಅಮ್ಮನ ಹೆಬ್ಬೆಟ್ಟು, 27,500 ರೂಪಾಯಿ, ನಾಲ್ಕು ತಿಂಗಳು

ನಮ್ಮಮ್ಮ ಸಹಿ ಹಾಕ್ತಾಳೆ. ಇದನ್ನ ಮೊದ್ಲೇ ಹೇಳ್ಬೇಕು, ಯಾಕಂದ್ರೆ ಈ ವಿಷಯದಲ್ಲಿ ನನಗೆ ಹೊಟ್ಟೆ ಉರಿದಿದ್ದೇ ಅಲ್ಲಿ. ಶಾಲೆ ಮೆಟ್ಟಿಲು ಹತ್ತಿದವಳಲ್ಲ, ತೊಂಬತ್ತರ ದಶಕದಲ್ಲಿ ಊರೂರಲ್ಲಿ ಸಾಕ್ಷರತಾ ಆಂದೋಲನ ನಡೀತಿತ್ತಲ್ಲ, ಆಗ ಹಗಲೆಲ್ಲ ತೋಟದಲ್ಲಿ ದುಡಿದು ರಾತ್ರಿ ಸ್ಲೇಟು ಹಿಡ್ಕೊಂಡು ಹೋಗಿ ಕಲಿತಿದ್ದು, ಹೆಬ್ಬೆಟ್ಟು ಅಂತ ಯಾರೂ ಅನ್ನಬಾರ್ದು ಅಂತ. ಡೈರಿ ಪುಸ್ತಕ, ಸ್ತ್ರೀಶಕ್ತಿ ಸಂಘದ ಪುಸ್ತಕ, ಎಲ್ಲದ್ರಲ್ಲೂ ನಿಧಾನಕ್ಕೆ ಒಂದೊಂದೇ ಅಕ್ಷರ ಬಿಡಿಸಿ ಸಹಿ ಮಾಡ್ತಾಳೆ. ಆಮೇಲೆ ಆಧಾರ್ ಬಂತು, ರೇಷನ್‌ಗೆ ಹೆಬ್ಬೆಟ್ಟು, ಸಿಮ್ಮಿಗೆ ಹೆಬ್ಬೆಟ್ಟು, ಬ್ಯಾಂಕಿಗೆ ಹೆಬ್ಬೆಟ್ಟು. ಸಹಿ ಬರುತ್ತೆ ಅಂದ್ರೂ ಯಾರೂ ಕೇಳಲ್ಲ, ಬೆರಳಿಡಿ ಅಂತಾರೆ.

2023ರ ಅಕ್ಟೋಬರ್ 14, ಮಹಾಲಯ ಅಮಾವಾಸ್ಯೆ. ಅಪ್ಪಂಗೆ ಎಡೆ ಇಡೋಕೆ ಅಂತ ಬೆಂಗಳೂರಿಂದ ಊರಿಗೆ ಹೋಗಿದ್ದೆ, ನಮ್ದು ಅರಸೀಕೆರೆ ಕಡೆ. ಮಾರನೇ ದಿನ ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಅಮ್ಮ ತನ್ನ ಕೀಪ್ಯಾಡ್ ಫೋನ್ ತಂದು "ಮಗ, ಇದು ಮೂರು ದಿನದಿಂದ ಟಿಂಗ್ ಟಿಂಗ್ ಅಂತೈತೆ, ಏನ್ ನೋಡು" ಅಂದ್ಲು. ಮೂರು ಮೆಸೇಜು, ಮೂರೂ ಇಂಗ್ಲಿಷಲ್ಲಿ. ಶುಕ್ರವಾರ ಸಂಜೆ 6:12ಕ್ಕೆ 10,000, ಶನಿವಾರ ಮಧ್ಯಾಹ್ನ 10,000, ಭಾನುವಾರ ಬೆಳಿಗ್ಗೆ 7,500. ಕೊಬ್ಬರಿ ಮಾರಿದ ದುಡ್ಡು, ಹಾಲಿನ ಬಟವಾಡೆ, ಗೃಹಲಕ್ಷ್ಮಿಯ ಮೊದಲ ಕಂತು ಎಲ್ಲ ಸೇರಿ ಅಕೌಂಟಲ್ಲಿ ಇದ್ದಿದ್ದೇ 27,840. ಉಳಿದಿದ್ದು 340. ಶನಿವಾರದ ಮೆಸೇಜಿನ ಟೈಮ್ ನೋಡಿದೆ, ನಾವು ಅಪ್ಪನ ಫೋಟೋ ಮುಂದೆ ಎಲೆ ಹಾಕಿ ಬಡಿಸ್ತಾ ಇದ್ದ ಹೊತ್ತು ಅದು.

ಅಮ್ಮನ ಹತ್ರ ಎಟಿಎಂ ಕಾರ್ಡೇ ಇಲ್ಲ, ಫೋನ್‌ಪೇ ಇಲ್ಲ, ಒಟಿಪಿ ಅಂದ್ರೆ ಏನು ಅಂತಾನೇ ಗೊತ್ತಿಲ್ಲ. ಮೆಸೇಜಲ್ಲಿ ಎಇಪಿಎಸ್ ಅಂತಿತ್ತು, ಅಂದ್ರೆ ಆಧಾರ್ ನಂಬರ್ ಹೇಳಿ ಬೆರಳಿಟ್ಟು ಮೈಕ್ರೋ ಎಟಿಎಂನಲ್ಲಿ ದುಡ್ಡು ತೆಗಿಯೋ ವ್ಯವಸ್ಥೆ. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಇಟ್ಕೊಂಡಿರ್ತಾರಲ್ಲ ಆ ಮಷೀನು. ಅದಕ್ಕೆ ಪಿನ್ನೂ ಬೇಡ ಒಟಿಪಿನೂ ಬೇಡ, ಒಂದು ಸಲಕ್ಕೆ 10,000 ವರೆಗೂ ಬರುತ್ತೆ. ಕಳ್ಳನಿಗೆ ಬೇಕಾಗಿರೋದು ಮೂರೇ, ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳಚ್ಚು. ಬೆರಳಚ್ಚು ಎಲ್ಲಿಂದ ಸಿಗುತ್ತೆ ಅಂದ್ರೆ, ಆ ಟೈಮಲ್ಲಿ ಪೇಪರ್ ಓದಿದವರಿಗೆ ನೆನಪಿರ್ಬೋದು, ಆಸ್ತಿ ನೋಂದಣಿ ಪತ್ರಗಳ ಪ್ರತಿ ಆನ್‌ಲೈನಲ್ಲಿ ತಗೊಂಡು ಅದ್ರಲ್ಲಿರೋ ಹೆಬ್ಬೆಟ್ಟಿನ ಗುರುತು, ಆಧಾರ್ ನಂಬರು ಎತ್ತಿ ಸಿಲಿಕಾನ್ ಥರದ್ರಲ್ಲಿ ಅಚ್ಚು ಮಾಡ್ಕೊಂಡು ದುಡ್ಡು ಹೊಡೀತಿದಾರೆ ಅಂತ ನಮ್ಮ ರಾಜ್ಯದಲ್ಲೇ ಸಾಲು ಸಾಲು ದೂರು ಬಂದಿದ್ವು. ಅಮ್ಮ ಆ ಆಗಸ್ಟಲ್ಲೇ ಮಾವಂದಿರ ಜೊತೆ ಆಸ್ತಿ ವಿಭಾಗ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬಂದಿದ್ಲು. ನಮ್ಮ ಕೇಸಲ್ಲಿ ಅಲ್ಲಿಂದಾನೇ ಹೋಯ್ತು ಅಂತ ಯಾರೂ ಸಾಬೀತು ಮಾಡಿಲ್ಲ, ಅದಕ್ಕೇ ನಾನೂ ಹಾಗೆ ಬರಿಯಲ್ಲ.

ಮೊದಲು 1930ಕ್ಕೆ ಫೋನ್ ಮಾಡ್ದೆ. ಸೈಬರ್ ವಂಚನೆಗೆ ಇರೋ ರಾಷ್ಟ್ರೀಯ ಸಹಾಯವಾಣಿ ಅದು. ಯುಪಿಐಲಿ ದುಡ್ಡು ಹೋದ್ರೆ ಮುಂದಿನ ಅಕೌಂಟಲ್ಲಿ ತಡೆ ಹಿಡಿಯೋ ಚಾನ್ಸ್ ಇರುತ್ತೆ, ಇದ್ರಲ್ಲಿ ಕ್ಯಾಶ್ ಆಗಿ ಕೈಗೆ ಹೋಗಿರುತ್ತೆ, ಹಾಗಾಗಿ ತಡೆಯೋದು ಕಷ್ಟ. ಆದ್ರೂ ಮಾಡ್ಲೇಬೇಕು, ಯಾಕಂದ್ರೆ ಅವರು ಕೊಡೋ ಅಕ್ನಾಲೆಡ್ಜ್‌ಮೆಂಟ್ ನಂಬರ್ ಮತ್ತು ಅದರ ಮೇಲಿರೋ ಟೈಮ್ ಮುಂದೆ ಪ್ರತಿ ಕಡೆ ಕೆಲಸಕ್ಕೆ ಬಂತು. ಬ್ಯಾಂಕಿನ ಕಸ್ಟಮರ್ ಕೇರಿಗೂ ಮಾಡ್ದೆ, ಭಾಷೆ ಆಯ್ಕೆ ಮಾಡಿ, ಒಂದು ಒತ್ತಿ, ಎರಡು ಒತ್ತಿ, 16 ಅಂಕಿಯ ಕಾರ್ಡ್ ನಂಬರ್ ಹಾಕಿ ಅಂತ ಬಂತು, ಕಾರ್ಡೇ ಇಲ್ದವರು ಏನ್ ಹಾಕ್ಬೇಕು, ಹಾಕದೇ ಇದ್ರೆ ಲೈನ್ ಕಟ್. ನಾಲ್ಕು ಸಲ ಹೀಗೇ ಆಯ್ತು. ಐದನೇ ಸಲ ಕಳೆದುಹೋದ ಕಾರ್ಡ್ ಬ್ಲಾಕ್ ಮಾಡೋ ಆಯ್ಕೆ ಒತ್ತಿದೆ, ಆಗ ಒಬ್ರು ಮನುಷ್ಯರು ಸಿಕ್ಕಿದ್ರು, ಅವರಿಂದಾನೇ ದೂರಿನ ನಂಬರ್ ಬರೆಸಿಕೊಂಡೆ.

ಸೋಮವಾರ ಆಫೀಸಿಗೆ ರಜೆ ಹಾಕಿ ಅಮ್ಮನ್ನ ಕರ್ಕೊಂಡು ಬ್ರಾಂಚಿಗೆ ಹೋದೆ. ಕೌಂಟರಲ್ಲಿದ್ದವರು ಸಿಸ್ಟಮ್ ನೋಡಿ "ಬಯೋಮೆಟ್ರಿಕ್ ಸಕ್ಸಸ್ ಅಂತ ಇದೆ. ನಿಮ್ಮ ಬೆರಳೇ ಅಮ್ಮಾ ಇದು, ನೀವೇ ಎಲ್ಲೋ ತೆಗ್ದು ಮರ್ತಿದೀರ" ಅಂದ್ರು. ಅಮ್ಮ ಏನೂ ಮಾತಾಡ್ಲಿಲ್ಲ. ತನ್ನ ಕೈ ತಿರುಗಿಸಿ ನೋಡ್ಕೊಂಡ್ಲು. ಆ ಕೈ ನೀವು ನೋಡ್ಬೇಕು, ಮೂವತ್ತು ವರ್ಷ ಕಾಯಿ ಸುಲಿದು, ಕೊಬ್ಬರಿ ಒಡೆದು, ಹಾಲು ಕರೆದು ಹೆಬ್ಬೆರಳಲ್ಲಿ ಗೆರೆನೇ ಉಳಿದಿಲ್ಲ. ನ್ಯಾಯಬೆಲೆ ಅಂಗಡೀಲಿ ಪ್ರತಿ ತಿಂಗಳೂ ಬೆರಳು ಹಿಡಿಯಲ್ಲ, ಸೆರಗಲ್ಲಿ ಒರೆಸ್ಕೊಂಡು ಇಡು, ಒದ್ದೆ ಬಟ್ಟೇಲಿ ಒರೆಸು, ತೋರುಬೆರಳು ಇಡು, ಇನ್ನೊಂದು ಕೈ ಇಡು, ಸ್ವಲ್ಪ ಹೊತ್ತು ಬಿಟ್ಟು ಬಾ ಅಂತ ಅರ್ಧ ಗಂಟೆ ಆಗುತ್ತೆ. ಅಸಲಿ ಬೆರಳನ್ನ ಐದು ಸಲ ಒತ್ತಿದ್ರೂ ಒಪ್ಪದ ಮಷೀನು ಕಳ್ಳನ ಅಚ್ಚನ್ನ ಒಪ್ಕೊಂಡಿದೆ. ನಮ್ಮ ದೂರಿಗೆ ಜೀವ ಬಂದಿದ್ದು ಇಲ್ಲಿಂದಾನೇ.

ಅಮ್ಮನ ಆಧಾರಿಗೆ ಪುಣ್ಯಕ್ಕೆ ನನ್ನ ಮೊಬೈಲ್ ನಂಬರ್ ಲಿಂಕ್ ಆಗಿತ್ತು. ಆಧಾರ್ ಕೊಡೋ ಸಂಸ್ಥೆ ಯುಐಡಿಎಐ ವೆಬ್‌ಸೈಟಲ್ಲಿ ಅಥೆಂಟಿಕೇಶನ್ ಹಿಸ್ಟರಿ ಅಂತ ಒಂದಿದೆ, ಆರು ತಿಂಗಳಲ್ಲಿ ನಮ್ಮ ಆಧಾರನ್ನ ಯಾವ ಸಂಸ್ಥೆ, ಯಾವತ್ತು, ಎಷ್ಟು ಹೊತ್ತಿಗೆ ಬೆರಳಲ್ಲೋ ಒಟಿಪಿಯಲ್ಲೋ ಚೆಕ್ ಮಾಡ್ತು, ಪಾಸಾಯ್ತಾ ಫೇಲಾಯ್ತಾ ಎಲ್ಲ ತೋರಿಸುತ್ತೆ. ತುಂಬ ಜನಕ್ಕೆ ಇದು ಇರೋದೇ ಗೊತ್ತಿಲ್ಲ. ತೆಗೆದು ನೋಡಿದ್ರೆ ರೇಷನ್ ದಿನಗಳಲ್ಲಿ ಸಾಲಾಗಿ ಫೇಲು, ಫೇಲು, ಫೇಲು, ಪಕ್ಕದಲ್ಲಿ 300 ಅನ್ನೋ ಕೋಡು, ಅಂದ್ರೆ ಬೆರಳು ಹೊಂದಿಕೆ ಆಗಿಲ್ಲ ಅಂತ, ಕೊನೆಗೊಂದು ಪಾಸು. ಅಕ್ಟೋಬರಿನ ಆ ಮೂರು ದಿನ ಮಾತ್ರ ಒಂದೂ ಫೇಲಿಲ್ಲ, ಮೂರೂ ಒಂದೇ ಏಟಿಗೆ ಪಾಸು. ಆ ಪೇಜಿನ ಪ್ರಿಂಟ್ ತೆಗೆದು ಗೆರೆ ಎಳೆದು ಇಟ್ಕೊಂಡೆ.

ಇನ್ನೊಂದು ಸಾಕ್ಷಿ ಅಮ್ಮನ ಸೆರಗಿನ ಗಂಟಲ್ಲೇ ಇತ್ತು. ಶುಕ್ರವಾರ ಸಂಜೆ ಡೈರಿಗೆ ಹಾಲು ಹಾಕಿದ ಚೀಟಿ. 4.2 ಲೀಟರ್, ಫ್ಯಾಟ್ 4.1, ಕೆಳಗೆ ತಾರೀಕು, ಟೈಮ್ 6:09. ದುಡ್ಡು ತೆಗೆದಿದ್ದು 6:12ಕ್ಕೆ, ಅದೂ ಉತ್ತರದ ಒಂದು ರಾಜ್ಯದ ಮಷೀನಲ್ಲಿ ಅಂತ ಆಮೇಲೆ ಗೊತ್ತಾಯ್ತು. ಅಂಗೈ ಅಗಲದ ಆ ಚೀಟಿ ಬೆವರಿಗೆ ಅಕ್ಷರ ಮಾಸ್ತಾ ಇತ್ತು, ಆ ಥರ ಪೇಪರ್ ಬೇಗ ಬೆಳ್ಳಗಾಗುತ್ತೆ, ತಕ್ಷಣ ಫೋಟೋ ತೆಗೆದು ಎರಡು ಜೆರಾಕ್ಸ್ ಮಾಡಿಸ್ದೆ.

ಬ್ರಾಂಚಲ್ಲಿ ಲೆಟರ್ ತಗೊಳ್ಳಲ್ಲ ಅಂದ್ರು, ಹೆಡ್ ಆಫೀಸಿಗೆ ಮೇಲ್ ಮಾಡಿ ಅಂದ್ರು. ಇಲ್ಲಿ ಹೆಚ್ಚಿನವರು ವಾಪಸ್ ಬಂದ್ಬಿಡ್ತಾರೆ. ದಯವಿಟ್ಟು ಬರಬೇಡಿ. ಆರ್‌ಬಿಐ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತ್ತು, ಆಗ ಇದ್ದ ಆ ನಿಯಮದ ಪ್ರಕಾರ ಬ್ಯಾಂಕಿನದೂ ತಪ್ಪಿಲ್ಲ ಗ್ರಾಹಕನದೂ ತಪ್ಪಿಲ್ಲ, ಮೂರನೆಯವರು ಮಾಡಿದ ವಂಚನೆ ಅಂದ್ರೆ, ಬ್ಯಾಂಕಿಂದ ಮೆಸೇಜು ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದ್ರೆ ಗ್ರಾಹಕನ ಹೊಣೆ ಸೊನ್ನೆ. ನಾಲ್ಕರಿಂದ ಏಳು ಕೆಲಸದ ದಿನ ಆದ್ರೆ ಸ್ವಲ್ಪ ಭಾಗ ನಮ್ಮ ಮೇಲೆ ಬೀಳುತ್ತೆ. ತಿಳಿಸಿದ ಹತ್ತು ಕೆಲಸದ ದಿನದೊಳಗೆ ಆ ಮೊತ್ತವನ್ನ ತಾತ್ಕಾಲಿಕವಾಗಿ ಅಕೌಂಟಿಗೆ ತೋರಿಸಬೇಕು, 90 ದಿನದಲ್ಲಿ ಇತ್ಯರ್ಥ ಮಾಡಬೇಕು. ಮತ್ತೆ ಮುಖ್ಯವಾದ ಮಾತು, ತಪ್ಪು ಗ್ರಾಹಕನದ್ದು ಅಂತ ಸಾಬೀತು ಮಾಡೋ ಭಾರ ಬ್ಯಾಂಕಿನ ಮೇಲೆ. ನಿಮ್ಮ ಬೆರಳೇ ಅಂತ ಬಾಯಲ್ಲಿ ಹೇಳಿಬಿಟ್ರೆ ಮುಗೀಲಿಲ್ಲ. ನಮಗೆ ಮೊದಲ ಮೆಸೇಜು ಬಂದಿದ್ದು ಶುಕ್ರವಾರ, ಶನಿವಾರ ಎರಡನೇ ಶನಿವಾರದ ರಜೆ, ಹಾಗಾಗಿ ಸೋಮವಾರ ಲೆಕ್ಕಕ್ಕೆ ಮೊದಲನೇ ದಿನ.

ಸುತ್ತೋಲೆಯ ಪ್ರಿಂಟನ್ನ ಮ್ಯಾನೇಜರ್ ಟೇಬಲ್ ಮೇಲಿಟ್ಟು, ಸಾರ್, ನೀವು ತಗೊಳ್ಳಲ್ಲ ಅಂತಾದ್ರೆ ತಗೊಳ್ಳಲ್ಲ ಅಂತ ಇದ್ರ ಮೇಲೇ ಬರೆದು ಸೀಲ್ ಹಾಕಿ ಕೊಡಿ ಅಂದೆ. ಜಗಳ ಮಾಡ್ಲಿಲ್ಲ, ಧ್ವನಿ ಏರಿಸ್ಲಿಲ್ಲ. ಐದು ನಿಮಿಷಕ್ಕೆ ಲೆಟರ್ ತಲುಪಿದೆ ಅನ್ನೋ ಇನ್ವರ್ಡ್ ಸೀಲು ಬಿತ್ತು. ಲೆಟರ್ ಕನ್ನಡದಲ್ಲೇ ಬರೆದಿದ್ದೆ. ಕೆಳಗೆ ಸಹಿ ಜಾಗದಲ್ಲಿ ಅಲ್ಲಿದ್ದವರು ಅಭ್ಯಾಸಬಲದಿಂದ ಇಂಕ್ ಪ್ಯಾಡ್ ಮುಂದೆ ತಳ್ಳಿದ್ರು. ಅಮ್ಮ ಅದನ್ನ ಪಕ್ಕಕ್ಕೆ ಸರಿಸಿ ಪೆನ್ ಕೇಳಿದ್ಲು. ಒಂದು ನಿಮಿಷಾನೇ ಹಿಡೀತು ಆ ಸಹಿ, ಹಿಂದೆ ಕ್ಯೂ ನಿಂತಿತ್ತು, ನಿಲ್ಲಲಿ ಅಂತ ನಾನೂ ಸುಮ್ನಿದ್ದೆ.

ಅಲ್ಲಿಂದ ಸೈಬರ್ ಅಪರಾಧ ನೋಡೋ ಜಿಲ್ಲಾ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ವಿ, ಅವರು ದಾಖಲು ಮಾಡ್ಕೊಂಡ್ರು. ಬ್ಯಾಂಕಿಂದ ಸ್ಟೇಟ್‌ಮೆಂಟ್ ತಗೊಳ್ಳುವಾಗ ಪ್ರತಿ ವ್ಯವಹಾರದ 12 ಅಂಕಿಯ ಆರ್‌ಆರ್‌ಎನ್ ನಂಬರ್ ಇರೋ ಹಾಗೆ ಕೇಳಿ ತಗೊಳ್ಳಿ, ಯಾವ ಮಷೀನು ಅಂತ ಹಿಡಿಯೋಕೆ ಅದೇ ದಾರಿ.

ನವೆಂಬರ್ ಮೊದಲ ವಾರ ಆದ್ರೂ ಅಕೌಂಟಿಗೆ ಒಂದು ರೂಪಾಯಿ ಬರ್ಲಿಲ್ಲ. ಬ್ಯಾಂಕಲ್ಲಿ ದೂರು ನೋಡ್ಕೊಳ್ಳೋ ನೋಡಲ್ ಆಫೀಸರಿಗೆ ಮೇಲ್ ಹಾಕಿದೆ. ಮೂರು ಸಾಲಿನ ಇಂಗ್ಲಿಷ್ ಉತ್ತರ ಬಂತು, ಬಯೋಮೆಟ್ರಿಕ್ ದೃಢೀಕರಣ ಯಶಸ್ವಿಯಾಗಿದೆ, ಬ್ಯಾಂಕಿಗೆ ಹೊಣೆಯಿಲ್ಲ, ದೂರು ಮುಕ್ತಾಯ. ಅಮ್ಮನ ಹೆಸರು ಸಹ ತಪ್ಪಾಗಿತ್ತು ಅದ್ರಲ್ಲಿ. ಓದಿದ ದಿನ ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ. ಪಾಸ್‌ವರ್ಡ್ ಹೋದ್ರೆ ಬದಲಾಯಿಸ್ಬೋದು, ಕಾರ್ಡ್ ಹೋದ್ರೆ ಬೇರೆ ಕೊಡ್ತಾರೆ, ಬೆರಳು ಹೋದ್ರೆ ಎಲ್ಲಿಂದ ತರೋದು. ಅದನ್ನ ಊರೆಲ್ಲ ಒತ್ತಿಸಿಕೊಂಡೋರು ಸರ್ಕಾರದೋರು, ಅದನ್ನೇ ಬೀಗದ ಕೈ ಮಾಡ್ಕೊಂಡೋರು ಬ್ಯಾಂಕಿನೋರು. ನೋಂದಣಿ ಇಲಾಖೆಯವರು ಆಮೇಲೆ ಆಸ್ತಿ ಪತ್ರಗಳ ಆನ್‌ಲೈನ್ ಪ್ರತಿಗಳಲ್ಲಿ ಬೆರಳಚ್ಚು, ಆಧಾರ್ ನಂಬರ್ ಮುಚ್ಚೋಕೆ ಕ್ರಮ ತಗೊಂಡ್ರು ಅಂತ ಪೇಪರಲ್ಲಿ ಬಂತು, ಒಳ್ಳೇದೇ, ಆದ್ರೆ ಅಷ್ಟೊತ್ತಿಗೆ ದುಡ್ಡು ಕಳ್ಕೊಂಡವರ ಬಗ್ಗೆ ಯಾವ ಪಕ್ಷದವರೂ ವೇದಿಕೆ ಮೇಲೆ ಒಂದು ಮಾತಾಡಿದ್ದು ನಾನಂತೂ ಕೇಳ್ಲಿಲ್ಲ. ಚುನಾವಣೆ ಹತ್ರ ಬಂದಿತ್ತು, ಗೃಹಲಕ್ಷ್ಮಿ ನಾವು ಕೊಟ್ವಿ, ನೇರ ಅಕೌಂಟಿಗೆ ನಾವು ಹಾಕಿದ್ವಿ ಅಂತ ಎರಡೂ ಕಡೆಯವರು ಹೇಳ್ತಿದ್ರು. ಹಾಕಿದ ದುಡ್ಡು ಅಲ್ಲೇ ಇರೋ ಹಾಗೆ ನೋಡ್ಕೊಳ್ಳೋದೂ ಕೊಟ್ಟ ಹಾಗೇ ಅಲ್ವಾ.

ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಆಗಿದ್ರೆ, ಅಥವಾ ಅವರ ಉತ್ತರ ನಮಗೆ ಒಪ್ಪಿಗೆ ಇಲ್ಲದಿದ್ರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗ್ಬೋದು. 2021ರ ನವೆಂಬರಿಂದ ಎಲ್ಲ ಒಂದೇ ಯೋಜನೆ, ಸಿಎಂಎಸ್ ಅನ್ನೋ ಆರ್‌ಬಿಐ ಪೋರ್ಟಲಲ್ಲಿ ಹಾಕ್ಬೇಕು, ಒಂದು ಪೈಸೆ ಫೀಸಿಲ್ಲ. 14448ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ. ವಕೀಲರ ಮೂಲಕ ಹಾಕಂಗಿಲ್ಲ, ಮನೆಯವರು ಹಾಕೋದಾದ್ರೆ ಅಕೌಂಟ್ ಇರೋರಿಂದ ಅಧಿಕಾರ ಪತ್ರ ಬೇಕು, ಅಮ್ಮ ಅದಕ್ಕೂ ಸಹಿನೇ ಮಾಡಿದ್ಲು. ಆವೇಶದಲ್ಲಿ ನಾಲ್ಕು ಪುಟ ಬರೆದಿದ್ದೆ, ಎಲ್ಲ ಅಳಿಸಿ ಒಂದು ಪುಟಕ್ಕೆ ಇಳಿಸಿದೆ. ಯಾವತ್ತು ಏನಾಯ್ತು ಅನ್ನೋದಷ್ಟೇ, ಜೊತೆಗೆ ಇನ್ವರ್ಡ್ ಸೀಲಿರೋ ಲೆಟರು, 1930ರ ನಂಬರು, ಪೊಲೀಸ್ ದೂರಿನ ಪ್ರತಿ, ಆಧಾರ್ ಹಿಸ್ಟರಿ, ಹಾಲಿನ ಚೀಟಿ, ಬ್ಯಾಂಕಿನ ಆ ಮೂರು ಸಾಲಿನ ಉತ್ತರ. ಕೇಳಿದ್ದು ಎರಡೇ, ಆ ಹೊತ್ತಲ್ಲಿ ಖಾತೆದಾರರೇ ಬೆರಳಿಟ್ರು ಅನ್ನೋಕೆ ಬ್ಯಾಂಕಿನ ಹತ್ರ ಏನು ಪುರಾವೆ ಇದೆ, ಹತ್ತು ದಿನದಲ್ಲಿ ತಾತ್ಕಾಲಿಕ ಜಮೆ ಯಾಕೆ ಮಾಡ್ಲಿಲ್ಲ.

ಜನವರೀಲಿ ಬ್ಯಾಂಕಿನೋರು ತಾವಾಗೇ ಫೋನ್ ಮಾಡಿದ್ರು, ಮಾತಿನ ಧಾಟಿನೇ ಬದಲಾಗಿತ್ತು, ಕಂಪ್ಲೇಂಟ್ ವಾಪಸ್ ತಗೊಳ್ಳಿ, ಅಮೌಂಟ್ ಹಾಕ್ತೀವಿ ಅಂದ್ರು. ಮೊದ್ಲು ಹಾಕಿ, ಆಮೇಲೆ ನೋಡೋಣ ಅಂದೆ. ಈ ಮಾತಲ್ಲಿ ಗಟ್ಟಿಯಾಗಿರಿ. ಫೆಬ್ರವರಿ ಎರಡನೇ ವಾರ 27,500 ಜಮೆ ಆಯ್ತು. ನನ್ನ ಐದು ದಿನದ ರಜೆ, ಬಸ್ ಚಾರ್ಜು, ಅಮ್ಮ ದೀಪಾವಳಿಗೆ ಸಾಲ ಮಾಡಿದ್ದು, ಅದಕ್ಕೆಲ್ಲ ಏನೂ ಸಿಗ್ಲಿಲ್ಲ.

ಇದೆಲ್ಲ ಆಗೋಕೆ ಮುಂಚೆ ಎರಡು ನಿಮಿಷದಲ್ಲಿ ಮಾಡ್ಬೋದಾಗಿದ್ದ ಕೆಲಸ ಒಂದಿತ್ತು, ಎಂಆಧಾರ್ ಆ್ಯಪಲ್ಲಿ ಬಯೋಮೆಟ್ರಿಕ್ ಲಾಕ್. ಹಾಕಿದ್ರೆ ಯಾರು ಎಲ್ಲಿ ಬೆರಳಿಟ್ರೂ ಪಾಸಾಗಲ್ಲ. ನಮ್ಮನೇಲಿ, ಮಾವನ ಮನೇಲಿ ಎಲ್ರಿಗೂ ಹಾಕ್ದೆ. ಬ್ಯಾಂಕಿಗೆ ಲೆಟರ್ ಕೊಟ್ಟು ಅಮ್ಮನ ಅಕೌಂಟಲ್ಲಿ ಎಇಪಿಎಸ್ಸನ್ನೂ ಬಂದ್ ಮಾಡಿಸ್ದೆ. ತೊಂದ್ರೆ ಏನಂದ್ರೆ ಲಾಕ್ ಹಾಕಿದ್ರೆ ರೇಷನ್ನೂ ಬರಲ್ಲ. ತಾತ್ಕಾಲಿಕವಾಗಿ ತೆಗೆದ್ರೆ ಹತ್ತು ನಿಮಿಷ ತೆರೆದಿರುತ್ತೆ, ಆಮೇಲೆ ತಾನೇ ಮುಚ್ಕೊಳುತ್ತೆ.

ಹಾಗಾಗಿ ಈಗ ಪ್ರತಿ ತಿಂಗಳೂ ಅಮ್ಮ ನ್ಯಾಯಬೆಲೆ ಅಂಗಡಿ ಕ್ಯೂನಲ್ಲಿ ಮುಂದೆ ಇಬ್ರು ಇರುವಾಗ ನಂಗೆ ಫೋನ್ ಮಾಡ್ತಾಳೆ, ನಾನು ಆಫೀಸಲ್ಲಿ ಎಷ್ಟೇ ಕೆಲಸ ಇದ್ರೂ ಎದ್ದು ಹೊರಗೆ ಬಂದು ಒಟಿಪಿ ಹಾಕಿ ತೆಗೀತೀನಿ, ಫೋನ್ ಕಿವಿಗಿಟ್ಕೊಂಡೇ ನಿಂತಿರ್ತೀನಿ. ಆ ಕಡೆ ಮಷೀನು ಕುಂಯ್ ಅನ್ನೋದು ಕೇಳುತ್ತೆ, ಅಂಗಡಿಯವರು "ಇನ್ನೊಂದ್ ಸಲ ಇಡಕ್ಕ" ಅನ್ನೋದು ಕೇಳುತ್ತೆ. ಕೆಲವು ಸಲ ಹತ್ತು ನಿಮಿಷ ಸಾಲಲ್ಲ, ಮತ್ತೆ ತೆಗೀಬೇಕು. ಕೊನೆಗೆ "ಬಂತು ಕಣ್ ಮಗ, ಬೀಗ ಹಾಕ್ಕೊ" ಅಂತಾಳೆ. ಅದು ತಾನೇ ಬೀಳುತ್ತೆ ಅಂತ ಎಷ್ಟೋ ಸಲ ಹೇಳಿದೀನಿ, ಆದ್ರೂ ಹೂಂ ಹಾಕ್ದೆ ಅಂತ ನಾನು ಹೇಳೋವರೆಗೂ ಫೋನ್ ಇಡಲ್ಲ.